ಹಿತ್ತಲಿನ ಸ್ವರಾಜ್ಯ

ಸ್ವರಾಜ್ಯವೆಂಬ ಶಬ್ದವನ್ನು ಕೇಳಿದೊಡನೆ ನಮ್ಮ ವಿದ್ಯಾವಂತರ ಕಣ್ಣಮುಂದೆ ಶಾಸನಸಭೆಗಳೂ ಕಚೇರಿಗಳೂ ಧ್ವಜಸ್ತಂಭಗಳೂ ಬಂದು ನಿಲ್ಲುವವು. ಅವು ನಿಲ್ಲತಕ್ಕವೇ ಸರಿ. ಆದರೆ ಮನೆಯ ಹಿಂದೆ ನಾಲ್ಕು ಗಜ ಭೂಮಿಯಿದ್ದೂ ಒಂದು ಹಿಡಿ ಕೊತ್ತಂಬರಿಗಾಗಿ, ಐದಾರು ಹಸಿಮೆಣಸಿನಕಾಯಿಗಾಗಿ ಸಂತೆಯ ದಾರಿಯನ್ನು ಕಾಯುವ ಗೃಹಸ್ಥನು ತಾನು ಸ್ವತಂತ್ರನೆಂದು ಹೇಳಿಕೊಳ್ಳುವದು ಎಷ್ಟರಮಟ್ಟಿಗೆ ನಿಜವೆಂಬದನ್ನು ವಾಚಕರು ಒಂದು ನಿಮಿಷ ವಿಚಾರಿಸಿ ನೋಡಲಿ. ಬದನೆ ಬೆಂಡೆಗಳ ವಿಷಯವು ಸಂಪಾದಕೀಯ ಪುಟಕ್ಕೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಅಂಥವರು ಮುಂದಿನ ಅಂಕಿಗಳನ್ನು ಓದಿದ ತರುವಾಯ ತಮ್ಮ ಅಭಿಪ್ರಾಯವನ್ನು ಹೇಳಬೇಕೆಂದು ನಾವು ಬಿನ್ನವಿಸುವೆವು.

2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭರತಖಂಡದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಜನರಿಗೂ, ಐದು ವರ್ಷದೊಳಗಿನ ಕೂಸುಗಳಲ್ಲಿ ನೂರಕ್ಕೆ 67ಕ್ಕೂ ರಕ್ತಹೀನತೆಯಿರುವದು ಕಂಡುಬಂದಿತು. ನಮ್ಮ ಕರ್ನಾಟಕದಲ್ಲಿ ಈ ಸಂಖ್ಯೆಗಳು ಅನುಕ್ರಮವಾಗಿ 47.8 ಮತ್ತು 65.5. ಅಂದರೆ ಈ ನಾಡಿನ ಇಬ್ಬರು ತಾಯಂದಿರಲ್ಲಿ ಸುಮಾರಾಗಿ ಒಬ್ಬಳೂ, ಮೂವರು ಮಕ್ಕಳಲ್ಲಿ ಇಬ್ಬರೂ ಸಾಲದ ರಕ್ತದಿಂದ ದಿನ ನೂಕುತ್ತಿರುವರು. ಇದಕ್ಕೆ ಕೊಕ್ಕೆಹುಳು, ಮೇಲಿಂದ ಮೇಲೆ ಆಗುವ ಬಾಣಂತಿತನ ಮೊದಲಾದ ಬೇರೆ ಕಾರಣಗಳೂ ಉಂಟು. ಆದರೂ ಮುಖ್ಯವಾದದ್ದು ಊಟದ ಕೊರತೆಯೆಂಬದರಲ್ಲಿ ಸಂದೇಹವಿಲ್ಲ. ಅಕ್ಕಿ ಜೋಳಗಳು ಸಿಕ್ಕಲಿಲ್ಲವೆಂದು ಈ ಮಕ್ಕಳು ಬಿಳಿಚಿಕೊಂಡಿಲ್ಲ. ರೊಟ್ಟಿಯಿದ್ದು ಪಲ್ಯವಿಲ್ಲ, ಅನ್ನವಿದ್ದು ಸೊಪ್ಪಿಲ್ಲ, ಹೊಟ್ಟೆ ತುಂಬಿಯೂ ಮೈ ತುಂಬಲಿಲ್ಲ. ಇದು ಬರಗಾಲದಂತೆ ಬೀದಿಯಲ್ಲಿ ಕಾಣುವ ಹಸಿವಲ್ಲ. ಆದಕಾರಣವೇ ಇದನ್ನು ಕುರಿತು ಸಭೆಗಳಾಗುವದಿಲ್ಲ, ಠರಾವುಗಳೂ ಆಗುವದಿಲ್ಲ.

ಹಾಗಾದರೆ ಒಬ್ಬ ಮನುಷ್ಯನಿಗೆ ಎಷ್ಟು ಕಾಯಿಪಲ್ಲೆ ಬೇಕು? ದಿನವೊಂದಕ್ಕೆ ಹಣ್ಣು ತರಕಾರಿಗಳೆರಡೂ ಕೂಡಿ 400 ಗ್ರಾಮಿಗೆ ಕಡಿಮೆಯಾಗಬಾರದೆಂದು ಜಾಗತಿಕ ಆರೋಗ್ಯ ಸಂಸ್ಥೆಯು ಹೇಳುವದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2010ರ ಸುಮಾರಿಗೆ ಹಾಕಿಕೊಟ್ಟ ಲೆಕ್ಕದಲ್ಲಿ ಪ್ರಾಯದವರಿಗೆ 300 ಗ್ರಾಮು ತರಕಾರಿ, ಅದರೊಳಗೆ 50 ಗ್ರಾಮು ಹಸಿರು ಸೊಪ್ಪು, ಮೇಲೆ 100 ಗ್ರಾಮು ಹಣ್ಣು ಎಂದಿರುವದು. ಐದು ಜನರ ಸಂಸಾರಕ್ಕೆ ಇದು ದಿನಕ್ಕೆ ಒಂದೂವರೆ ಕಿಲೋ ತರಕಾರಿ, ಅರ್ಧ ಕಿಲೋ ಹಣ್ಣು ಆಯಿತು. ನಿನ್ನೆ ತಮ್ಮ ಮನೆಯ ಒಲೆಯ ಮೇಲೆ ಎಷ್ಟು ಕಾಯಿಪಲ್ಲೆ ಬೆಂದಿತೆಂಬದನ್ನು ವಾಚಕರು ಮನೆಯಲ್ಲಿ ಕೇಳಿ ನೋಡಲಿ. ಸಾರಿನಲ್ಲಿ ತೇಲಿದ ಎರಡು ಟೊಮೆಟೊ ಹೋಳುಗಳೂ, ಒಗ್ಗರಣೆಗೆ ಬಿದ್ದ ನಾಲ್ಕು ಕರಿಬೇವಿನ ಎಲೆಗಳೂ ಈ ಲೆಕ್ಕವನ್ನು ತುಂಬಲಾರವು.

ಕೊಂಡುಕೊಳ್ಳಲು ಶಕ್ತಿಯಿದ್ದವರು ಕೊಂಡುಕೊಳ್ಳಲಿ, ಅದಕ್ಕೆ ಪೇಟೆಯಿರುವದಲ್ಲವೇ ಎಂದರೆ, ಆ ಪೇಟೆಯ ಚರ್ಯೆಯನ್ನು ಸ್ವಲ್ಪ ನೆನೆಯಬೇಕು. 2019ರ ಡಿಸೆಂಬರದಲ್ಲಿ ಉಳ್ಳಾಗಡ್ಡಿಯು ಕಿಲೋಕ್ಕೆ ನೂರು ರೂಪಾಯಿಗಳನ್ನು ದಾಟಿತು. 2020ರ ಮಾರ್ಚ 25ರಿಂದ ದೇಶವೆಲ್ಲ ಬಾಗಿಲಿಕ್ಕಿಕೊಂಡಾಗ ಹೊಲದಲ್ಲಿ ಬೆಳೆ ಕೊಳೆಯಿತು, ಊರಲ್ಲಿ ಚೀಲ ಬರಿದಾಗಿ ತಿರುಗಿತು. 2023ರ ಜುಲೈದಲ್ಲಿ ಟೊಮೆಟೊ ಹಣ್ಣು ಎಷ್ಟೋ ಪಟ್ಟಣಗಳಲ್ಲಿ ನೂರೈವತ್ತು ಇನ್ನೂರರ ವರೆಗೆ ಏರಿತು. ಏಷ್ಯಾಖಂಡದ ದೊಡ್ಡ ಟೊಮೆಟೊ ಪೇಟೆಗಳಲ್ಲೊಂದಾದ ಕೋಲಾರವನ್ನು ತನ್ನೊಳಗಿಟ್ಟುಕೊಂಡ ನಮ್ಮ ಪ್ರಾಂತವೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಬೆಲೆಯು ಹೀಗೆ ಏರಿದಾಗ ಮನೆಯ ಖರ್ಚಿನಲ್ಲಿ ಮೊದಲು ಕಡಿತ ಬೀಳುವದು ಯಾವುದಕ್ಕೆ? ಬಾಡಿಗೆಗೆ ಬೀಳಲಾರದು, ಶಾಲೆಯ ಫೀಗೂ ಬೀಳಲಾರದು; ಪಲ್ಯಕ್ಕೆ ಬೀಳುವದು. ಪಲ್ಯವು ಕಡಿಮೆಯಾದ ದಿನ ಅದು ಯಾರ ತಾಟಿಗೆ ಮುಟ್ಟುವದಿಲ್ಲ? ಎಲ್ಲರೂ ಉಂಡ ಮೇಲೆ ಒಲೆಯ ಮುಂದೆ ಕುಳಿತು ಉಣ್ಣುವ ಗೃಹಿಣಿಯ ತಾಟಿಗೆ. ಮೇಲೆ ಹೇಳಿದ ನೂರಕ್ಕೆ 47.8ರ ಬೇರು ಬಹಳಮಟ್ಟಿಗೆ ಇಲ್ಲಿಯೇ ಇದೆ.

ಈ ವ್ಯಾಧಿಗೆ ಔಷಧವು ನಮ್ಮ ಹಿರಿಯರ ಕೈಯಲ್ಲಿತ್ತು. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ. ಶ. 1025ರ ಸುಮಾರಿನಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ಅಡಿಗೆಯ ಶಾಸ್ತ್ರದೊಡನೆ ನೆಲದೊಳಗಿನ ನೀರನ್ನು ಕಂಡುಹಿಡಿಯುವ ರೀತಿಯೂ ವೃಕ್ಷಾಯುರ್ವೇದವೂ ಸೇರಿಕೊಂಡಿರುವವು. ಸಾವಿರ ವರ್ಷಗಳ ಹಿಂದಿನ ಕನ್ನಡಿಗನು ಲೋಕಕ್ಕೆ ಉಪಕಾರವಾಗುವ ವಿದ್ಯೆಗಳನ್ನು ಎಣಿಸುವಾಗ ಗಿಡ ಬೆಳೆಸುವದನ್ನು ಬಿಡಲಿಲ್ಲವೆಂಬದು ಗಮನಿಸತಕ್ಕದ್ದು. ಮುಂದೆ ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಬದನೆ, ಬಾಳೆ, ಹಲಸುಗಳ ಪಾಕಗಳನ್ನು ಬಗೆಬಗೆಯಾಗಿ ವರ್ಣಿಸಿದನು. ಹಳೆಯ ಮನೆಗಳನ್ನು ಕಂಡವರಿಗೆ ಅವುಗಳ ಹಿತ್ತಲವು ನೆನಪಿರುವದು: ಬಾವಿ, ಬಾವಿಯ ಬದಿಗೆ ಒಗೆಯುವ ಕಲ್ಲು, ಆ ನೀರು ಹರಿದುಹೋಗುವಲ್ಲಿ ಬಾಳೆಯ ಮೆಳೆ, ಗೋಡೆಗೆ ಹಬ್ಬಿದ ಬಸಳೆ, ಮೂಲೆಗೆ ನುಗ್ಗೆ, ಬಾಗಿಲ ಸಮೀಪಕ್ಕೆ ಕರಿಬೇವು. ಇದನ್ನು ಯಾವ ಇಂಜನಿಯರನೂ ನಕ್ಷೆಯಲ್ಲಿ ಬರೆದುಕೊಟ್ಟಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಆಗ ವಿನೋದಕ್ಕಾಗಿ ಹುಟ್ಟಿರಬಹುದು; ಈಗ ಅದು ನಮ್ಮ ಮೇಲಿನ ದೋಷಾರೋಪಣೆಯಾಗಿರುವದು. ಏಕೆಂದರೆ ಮದ್ದಿನ ಮಾತು ಅತ್ತಿರಲಿ, ಹಿತ್ತಲವೇ ಇಲ್ಲದಂತಾಗಿದೆ.

ಸ್ವದೇಶೀ ಎಂದೊಡನೆ ಹಳೆಯ ಗಿಡಗಳನ್ನೇ ಹಚ್ಚಬೇಕೆಂದು ಯಾರೂ ತಿಳಿಯಬಾರದು. ನಮ್ಮ ಅಡಿಗೆಗೆ ಇಂದು ಜೀವವಾಗಿರುವ ಮೆಣಸಿನಕಾಯಿ, ಟೊಮೆಟೊ, ಬಟಾಟೆ, ಹಾಗೆಯೇ ಪಪ್ಪಾಯಿ, ಪೇರಲ, ಇವೆಲ್ಲವೂ ಅಮೇರಿಕಾ ಖಂಡದ ಸಂತಾನಗಳು. 1498ರಲ್ಲಿ ವಾಸ್ಕೋ ದ ಗಾಮನು ಬಂದ ತರುವಾಯ ಯುರೋಪಿಯನ್ನರ ಹಡಗುಗಳ ಮೂಲಕ ಈ ದೇಶವನ್ನು ಹೊಕ್ಕವು. ಆದರೆ ಇಂದು ಬ್ಯಾಡಗಿಯ ಮೆಣಸಿನಕಾಯಿಗೂ ಧಾರವಾಡದ ಪೇರಲ ಹಣ್ಣಿಗೂ ಪರದೇಶೀ ಎಂದು ಯಾರು ಅನ್ನುವರು? ಈ ನೆಲದ ಮಣ್ಣು, ಈ ಜನರ ಕೈ, ಇವೆರಡೂ ಕೂಡಿ ಅವನ್ನು ನಮ್ಮವನ್ನಾಗಿ ಮಾಡಿದವು. ದುಡಿದವನದೇ ಬೆಳೆ, ಬೆಳೆದವನದೇ ದೇಶ.

ಕಳೆದ ಶತಮಾನದ ಇತಿಹಾಸವೂ ಈ ಮಾತಿಗೆ ಸಾಕ್ಷಿಯಾಗಿದೆ. 1942ರಲ್ಲಿ ರಂಗೂನು ಜಪಾನರ ಕೈಗೆ ಬಿದ್ದು ಬ್ರಹ್ಮದೇಶದ ಅಕ್ಕಿ ನಿಂತಿತು. 1943ರಲ್ಲಿ ವಂಗಪ್ರಾಂತದ ಕ್ಷಾಮದಲ್ಲಿ ಲಕ್ಷಾವಧಿ ಜನರು ಪ್ರಾಣಬಿಟ್ಟರು. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಘೋಷಣೆಯು ಹುಟ್ಟಿದ್ದು ಆ ಕಾಲದಲ್ಲಿಯೇ. 1946ರ ಅನ್ನದ ಅಭಾವದಲ್ಲಿ ಗಾಂಧೀಜಿಯವರು ಹೂದೋಟಗಳಲ್ಲಿಯೂ ತಿನ್ನುವ ಪದಾರ್ಥಗಳನ್ನೇ ಬೆಳೆಯಬೇಕೆಂದು ಸೂಚಿಸಿದರು. ಸ್ವಾತಂತ್ರ್ಯವು ಬಂದ ಮೇಲೆ ಗವರ್ನರ್-ಜನರಲ್ ರಾಜಗೋಪಾಲಾಚಾರ್ಯರು ದಿಲ್ಲಿಯ ರಾಜಭವನದ ಆವರಣವನ್ನು ತಾವೇ ನೇಗಿಲು ಹಿಡಿದು ಉತ್ತು, ಒಂದು ಭಾಗವನ್ನು ಧಾನ್ಯಕ್ಕೆ ಬಿಟ್ಟುಕೊಟ್ಟರು. ಆ ಸ್ಥಳದಲ್ಲಿಯೇ ಮುಂದೆ ರಾಷ್ಟ್ರಪತಿಭವನದ ತರಕಾರಿ ತೋಟವು ಬೆಳೆಯಿತು. 1947ರ ಡಿಸೆಂಬರದಲ್ಲಿ ಮೀರಾಬೆಹನ್ನರ ಪ್ರೇರಣೆಯಿಂದ ದಿಲ್ಲಿಯಲ್ಲಿ ಗೊಬ್ಬರದ ಪರಿಷತ್ತು ಸೇರಿದಾಗ, ದೇಶವು ಒಡೆದು ಹೊತ್ತಿ ಉರಿಯುತ್ತಿದ್ದ ಆ ದಿನಗಳಲ್ಲಿಯೂ, ಗಾಂಧೀಜಿಯವರು ಕಸದಿಂದ ರಸ ತೆಗೆಯುವ ಆ ಕಾರ್ಯದ ಮೇಲೆ ಬರೆಯಲು ಹೊತ್ತು ಮಾಡಿಕೊಂಡರು. ನಿರ್ವಾಣಕ್ಕೆ ಒಂದು ತಿಂಗಳ ಮುಂಚೆ ಮಹಾತ್ಮರಿಗೆ ತಿಪ್ಪೆಯು ಕ್ಷುಲ್ಲಕವೆನಿಸಲಿಲ್ಲ, ನಮಗೇಕೆ ಎನಿಸಬೇಕು?

ಅದೇ ಯುದ್ಧದ ಕಾಲಕ್ಕೆ ಇಂಗ್ಲಂಡದ ಜನರು ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ಅಗೆದು ಕೋಸು ಬಟಾಟೆಗಳನ್ನು ಬೆಳೆದರು. ಅಮೇರಿಕೆಯಲ್ಲಿ ಸುಮಾರು ಎರಡು ಕೋಟಿ ‘ವಿಜಯದ ತೋಟ’ಗಳು ಎದ್ದವೆಂದು ಹೇಳುವರು. ಅವರ ಯುದ್ಧವು 1945ಕ್ಕೆ ಮುಗಿಯಿತು, ಬಹಳಷ್ಟು ತೋಟಗಳೂ ಅಲ್ಲಿಗೇ ಮುಗಿದವು. ನಮ್ಮ ಮಕ್ಕಳ ರಕ್ತಹೀನತೆಯೆಂಬ ಯುದ್ಧವು ಮಾತ್ರ ಇನ್ನೂ ಮುಗಿದಿಲ್ಲ.

ಈಗಿನ ನಮ್ಮ ಸ್ಥಿತಿಯನ್ನು ನೋಡೋಣ. ಹೊಸ ಬಡಾವಣೆಗಳಲ್ಲಿ ಗೋಡೆಯಿಂದ ಗೋಡೆಗೆ ಸಿಮೆಂಟು ಹಾಸುವದೇ ಸಂಭಾವಿತತನದ ಲಕ್ಷಣವಾಗಿದೆ. ಮಣ್ಣು ಕಂಡರೆ ಧೂಳು, ಗಿಡ ಕಂಡರೆ ಸೊಳ್ಳೆಯೆಂಬ ಭಯ. ಮಳೆಯ ನೀರು ಇಂಗಲು ಒಂದು ಗೇಣು ಎಡೆಯಿಲ್ಲದೆ ಬೀದಿಗೆ ನುಗ್ಗುವದು. ಬೇಸಿಗೆಯಲ್ಲಿ ಆ ಮನೆಯವರೇ ಟ್ಯಾಂಕರಿನ ದಾರಿ ನೋಡುವರು. ಇನ್ನು ಸರಕಾರೀ ವಸತಿಗೃಹಗಳ ಸುತ್ತಲೂ ಎಷ್ಟೋ ಗುಂಟೆ ಭೂಮಿ ಬಿದ್ದಿರುವದು. ಅಲ್ಲಿ ಬೆಳೆಯುವದೇನು? 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದು, ಈಗ ದೇಶವನ್ನೆಲ್ಲ ವ್ಯಾಪಿಸಿದ ಪಾರ್ಥೇನಿಯಂ ಕಸ. ವರ್ಗವಾಗಿ ಹೋಗುವವರಿಗೆ ತೋಟವೇಕೆಂದು ಅಧಿಕಾರಿಗಳು ಅನ್ನುವರು. ಹರಿವೆ ಸೊಪ್ಪು ಕೈಗೆ ಬರಲು ಒಂದು ತಿಂಗಳು ಸಾಕು. ಅಷ್ಟು ಬೇಗನೆ ಯಾರಿಗೂ ವರ್ಗದ ಹುಕುಮು ಬರಲಾರದೆಂದು ನಾವು ನಂಬುವೆವು.

ಉಪದೇಶವು ಇಷ್ಟು ಸಾಕು. ಇನ್ನು ಕೃತಿಯ ಮಾತು. ಐದು ಜನರ ಸಂಸಾರದ ಕಾಯಿಪಲ್ಲೆಯ ಬಹುಭಾಗವನ್ನು ಮನೆಯಲ್ಲಿಯೇ ಬೆಳೆಯಬೇಕಾದರೆ ಸುಮಾರು ಎರಡು ಗುಂಟೆ, ಅಂದರೆ 200 ಚದರ ಮೀಟರು ಭೂಮಿ ಬೇಕೆಂದು ಬಲ್ಲವರು ಹೇಳುವರು. ಪಟ್ಟಣವಾಸಿಗಳಲ್ಲಿ ಅಷ್ಟು ಉಳ್ಳವರು ವಿರಳ. ಆದರೆ ಪೂರ್ಣವಿಲ್ಲವೆಂದು ಶೂನ್ಯಕ್ಕೆ ನಿಲ್ಲುವದು ವಿವೇಕವಲ್ಲ. ಸೊಪ್ಪಿನ ಲೆಕ್ಕವನ್ನಷ್ಟೇ ನೋಡಿರಿ: ಹೆಕ್ಟೇರಿಗೆ ಹತ್ತು ಟನ್ ಹರಿವೆ ಬರುವದು ದೊಡ್ಡ ಇಳುವರಿಯೇನೂ ಅಲ್ಲ, ಅದು ಚದರ ಮೀಟರಿಗೆ ಒಂದು ಕಿಲೋ ಆಯಿತು. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಮಡಿಯಲ್ಲಿ ಒಂದು ಬೆಳೆಗೆ ಒಂಬತ್ತು ಕಿಲೋ. ಐದು ಜನಕ್ಕೆ ತಲೆಗೆ 50 ಗ್ರಾಮಿನಂತೆ ತಿಂಗಳಿಗೆ ಬೇಕಾದದ್ದು ಏಳೂವರೆ ಕಿಲೋ. ಆದುದರಿಂದ ಒಂದು ಸಣ್ಣ ಕೋಣೆಯಷ್ಟು ನೆಲವು ಒಂದು ಸಂಸಾರದ ಸೊಪ್ಪಿನ ಸಾಲವನ್ನು ತೀರಿಸಬಲ್ಲದು. ಆದರೆ ಇಡೀ ಮಡಿಯನ್ನು ಒಂದೇ ದಿನ ಬಿತ್ತಬಾರದು. ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲಿನಂತೆ ಬಿತ್ತುತ್ತ ಹೋದರೆ, ಐದನೆಯ ವಾರದಿಂದ ಪ್ರತಿವಾರವೂ ಒಂದು ಪಾಲು ಕೊಯ್ಲಿಗೆ ಬರುವದು. ಕಿತ್ತ ಕಡೆ ಗೊಬ್ಬರ ಬೆರೆಸಿ ಮರಳಿ ಬಿತ್ತಬೇಕು. ಹರಿವೆಯ ಬೀಜವು ಬಲು ಸಣ್ಣದಾದ್ದರಿಂದ ಮರಳಿನಲ್ಲಿ ಕಲಿಸಿ ಚೆಲ್ಲುವದು ರೂಢಿ. ಮೆಂತೆ, ಪಾಲಕ, ರಾಜಗಿರಿ, ಪುಂಡಿಗಳನ್ನು ಸರದಿಯ ಮೇಲೆ ಹಾಕಿದರೆ ನಾಲಿಗೆಗೂ ಬೇಸರವಿಲ್ಲ, ಮಣ್ಣಿಗೂ ಬೇಸರವಿಲ್ಲ.

ಸ್ಥಳವನ್ನು ಆರಿಸುವಾಗ ಮೊದಲು ಬಿಸಿಲನ್ನು ನೋಡಬೇಕು. ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೀಳದಿದ್ದರೆ ಬದನೆ, ಬೆಂಡೆ, ಟೊಮೆಟೊಗಳು ಎಲೆಯನ್ನಷ್ಟೇ ತೋರಿಸುವವು. ಅಂಥಲ್ಲಿ ಸೊಪ್ಪು, ಪುದೀನ, ಅರಿಸಿಣ, ಶುಂಠಿಗಳಿಗೆ ತೃಪ್ತಿಪಡಬೇಕು. ನಮ್ಮ ಕಡೆಯ ಎರೆಮಣ್ಣು ಮಳೆಯಲ್ಲಿ ಅಂಟಾಗಿ, ಬೇಸಿಗೆಯಲ್ಲಿ ಬಿರಿಯುವದರಿಂದ ಅದಕ್ಕೆ ಮರಳನ್ನೂ ಗೊಬ್ಬರವನ್ನೂ ಧಾರಾಳವಾಗಿ ಬೆರೆಸಿ, ಮಡಿಯನ್ನು ಅರ್ಧ ಅಡಿ ಎತ್ತರಿಸಿ ಕಟ್ಟಬೇಕು. ಕೆಂಪು ಮಸಾರಿಗೆ ಗೊಬ್ಬರವೇ ಸಾಕು. ಮನೆ ಕಟ್ಟಿದಾಗ ಉಳಿದ ಗಾರೆ, ಇಟ್ಟಿಗೆಯ ಚೂರುಗಳನ್ನು ಅಗೆದು ತೆಗೆಯದೆ ಬಿತ್ತಿದವರು ಬೀಜವನ್ನು ಹಳಿಯುವದು ನ್ಯಾಯವಲ್ಲ.

ಋತುವನ್ನು ನಮ್ಮ ಪಂಚಾಂಗವೇ ಹೇಳಿಕೊಡುವದು. ಮೃಗಶಿರದ ಮಳೆ ಬಿದ್ದೊಡನೆ ಹೀರೆ, ಹಾಗಲ, ಸೋರೆ, ಪಡವಲಗಳನ್ನು ಊರಿ ಚಪ್ಪರಕ್ಕೆ ಹಬ್ಬಿಸಬೇಕು. ಬೆಂಡೆ, ಚವಳಿಗಳಿಗೂ ಅದೇ ಕಾಲ. ಬೆಂಡೆಯು ಬಿತ್ತಿದ ಏಳನೆಯ ವಾರಕ್ಕೆ ಕಾಯಿಬಿಡುವದು. ಬದನೆ, ಮೆಣಸು, ಟೊಮೆಟೊಗಳನ್ನು ಒಟ್ಟಲುಪಾತಿಯಲ್ಲಿ ಸಸಿ ಮಾಡಿ, ನಾಲ್ಕೈದು ವಾರದ ಮೇಲೆ ಮೋಡ ಮುಸುಕಿದ ಸಂಜೆಯಲ್ಲಿ ಕಿತ್ತು ನೆಡಬೇಕು. ಹಸ್ತ ಚಿತ್ತಾ ಮಳೆಗಳ ತರುವಾಯ, ದೀಪಾವಳಿಯಿಂದ ಸಂಕ್ರಾಂತಿಯ ವರೆಗಿನ ತಂಪಿನಲ್ಲಿ ಮೂಲಂಗಿ, ಗಜ್ಜರಿ, ಮೆಂತೆ, ಕೊತ್ತಂಬರಿ, ಅವರೆಗಳು ತಾವಾಗಿಯೇ ಬರುವವು. ಕೊತ್ತಂಬರಿಯ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತುವದನ್ನು ಮರೆಯಬಾರದು. ಶಿವರಾತ್ರಿಯ ಮೇಲೆ ಸವತೆ, ಹರಿವೆ, ಬಸಳೆ. ಹೀಗೆ ಹನ್ನೆರಡು ತಿಂಗಳಲ್ಲಿ ನೆಲವು ಬರಿದಾಗಿರಲು ಒಂದು ತಿಂಗಳೂ ಇಲ್ಲ.

ಹಣ್ಣಿಗೆ ಬಯಲು ಬೇಕೆಂಬದು ಅರ್ಧಸತ್ಯ. ಎರಡು ಪಪ್ಪಾಯಿ, ಒಂದು ಕಸಿ ಪೇರಲ, ಬಚ್ಚಲ ನೀರಿಗೆ ಒಂದು ಬಾಳೆಯ ಮೆಳೆ, ಬೇಲಿಗೆ ಒಂದು ನಿಂಬೆ, ಇಷ್ಟಕ್ಕೆ ಯಾವ ಸಾಧಾರಣ ಹಿತ್ತಲವೂ ಎಡೆಕೊಡುವದು. ಪಪ್ಪಾಯಿಯನ್ನು ಒಂದೊಂದು ಗುಣಿಗೆ ಮೂರು ಸಸಿಯಂತೆ ನೆಟ್ಟು, ಹೂ ಬಂದ ಮೇಲೆ ಹೆಚ್ಚಿನ ಗಂಡುಗಿಡಗಳನ್ನು ತೆಗೆದುಬಿಡಬೇಕು. ವರ್ಷ ತುಂಬುವ ಮುನ್ನ ಕಾಯಿ ಕಾಣುವದು. ಪೇರಲವು ಎರಡು ಮೂರು ವರ್ಷ ಕಾಯಿಸುವದು. ಇವು ಫಲಕ್ಕೆ ಬಂದ ಮೇಲೆ ಮಿತವಾಗಿ ಲೆಕ್ಕಹಿಡಿದರೂ ವರ್ಷಕ್ಕೆ ನೂರು ಕಿಲೋ ಹಣ್ಣು ಮನೆಗೆ ಬರುವದು. ಸಂಸಾರಕ್ಕೆ ಬೇಕಾದ ನೂರೆಂಬತ್ತರಲ್ಲಿ ಇದು ಅರ್ಧಕ್ಕೆ ಮಿಕ್ಕಿತು. ಪೇಟೆಯ ಸೇಬಿನ ಹಣ್ಣಿಗೆ ಮರುಳಾಗುವವರು ಕೇಳಬೇಕು: ಪೇರಲದಲ್ಲಿರುವ ‘ಸಿ’ ಜೀವಸತ್ವವು ಕಿತ್ತಳೆಯದಕ್ಕಿಂತ ಮೂರು ನಾಲ್ಕು ಪಟ್ಟು, ಸೇಬು ಇವೆರಡರ ಸಮೀಪಕ್ಕೂ ಬರಲಾರದು. ಈ ಜೀವಸತ್ವವು ಸೊಪ್ಪಿನೊಳಗಿನ ಕಬ್ಬಿಣವನ್ನು ಮೈಗೆ ಹತ್ತಿಸುವದು. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡುವ ನಮ್ಮ ಅಜ್ಜಿಯರ ಪದ್ಧತಿಯು ಶಾಸ್ತ್ರಕ್ಕೆ ಒಪ್ಪಿದ್ದೇ ಆಗಿದೆ. ಉಂಡ ಕೂಡಲೆ ಚಹಾ ಕುಡಿಯುವ ಈಗಿನ ಪದ್ಧತಿಯು ಅದನ್ನು ಕೆಡಿಸುವದು.

ಬೀಜ ಸಸಿಗಳಿಗಾಗಿ ಅಲೆಯಬೇಕಾಗಿಲ್ಲ. 1760ರಲ್ಲಿ ಹೈದರಲಿಯು ತೊಡಗಿಸಿದ ಲಾಲಬಾಗಿನ ಕಾಲದಿಂದ ಕನ್ನಡನಾಡು ತೋಟಗಾರಿಕೆಗೆ ಹೆಸರಾದದ್ದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯಿಂದ ‘ಅರ್ಕಾ’ ಎಂಬ ಹೆಸರು ಹೊತ್ತ ಹರಿವೆ, ಪಾಲಕ, ಬೆಂಡೆ, ಟೊಮೆಟೊಗಳ ಒಳ್ಳೆಯ ತಳಿಗಳು ಹೊರಬಂದಿರುವವು. ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆಗೇ ಮೀಸಲಾದ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅದಕ್ಕೆ ಸೇರಿದ ಅರಭಾವಿಯ ಕಾಲೇಜಿನವರು ‘ಭಾಗ್ಯ’ವೆಂಬ ನುಗ್ಗೆಯ ತಳಿಯನ್ನು ಕೊಟ್ಟರು. ಆದರೆ ಒಂದು ಸಲ ಕೊಂಡ ಬೀಜವನ್ನು ಮುಂದೆ ಮನೆಯಲ್ಲಿಯೇ ಉಳಿಸಿಕೊಳ್ಳುವದು ಉತ್ತಮ. ಸಂಕರ ತಳಿಗಳ ಬೀಜವು ಮರುವರ್ಷ ತಾಯಿಯ ಗುಣವನ್ನು ತೋರಿಸಲಾರದಾದ್ದರಿಂದ ಶುದ್ಧ ತಳಿಗಳನ್ನೇ ಕೇಳಿ ತರಬೇಕು. ಹರಿವೆಯ ನಾಲ್ಕು ಗಿಡಗಳನ್ನು ತೆನೆಗೆ ಬಿಟ್ಟರೆ ಓಣಿಗೆಲ್ಲ ಸಾಲುವಷ್ಟು ಬೀಜ. ಬೆಳೆಗಾರನು ತನ್ನ ಬೀಜವನ್ನು ಉಳಿಸುವ, ಹಂಚುವ ಹಕ್ಕನ್ನು 2001ರ ತಳಿ ಸಂರಕ್ಷಣೆಯ ಕಾಯಿದೆಯು ಒಪ್ಪಿಕೊಂಡಿರುವದು. ನೆರೆಹೊರೆಯವರೊಡನೆ ಬೀಜ ಬದಲಿಸಿಕೊಳ್ಳುವದಕ್ಕಿಂತ ಅಗ್ಗವಾದ ಸಂಘಟನೆಯು ಬೇರೆ ಯಾವದಿದೆ?

ನೀರಿಲ್ಲವೆಂಬ ಮಾತು ಎಲ್ಲಕ್ಕಿಂತ ಮೊದಲು ಬರುವದು. ಬಿರುಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಐದಾರು ಲೀಟರು ನೀರು ಬೇಕು. ನಮ್ಮ ಹತ್ತಡಿಯ ಮಡಿಗೆ ಸುಮಾರು 50 ಲೀಟರು. ಪಟ್ಟಣಗಳಲ್ಲಿ ತಲೆಗೆ 135 ಲೀಟರು ಎಂಬ ಸರಕಾರೀ ಮಾನದಂತೆ ಐದು ಜನಕ್ಕೆ 675 ಲೀಟರಾಗುವದು. ನಮ್ಮ ಎಷ್ಟೋ ಊರುಗಳಿಗೆ ಅಷ್ಟು ಮುಟ್ಟುವದಿಲ್ಲವೆಂಬದನ್ನು ನಾವು ಬಲ್ಲೆವು. ಆದರೆ ಮುಟ್ಟಿದಷ್ಟರಲ್ಲಿಯೇ ಅಕ್ಕಿ ಬೇಳೆ ಕಾಯಿಪಲ್ಲೆ ತೊಳೆದ ನೀರನ್ನು ಒಂದು ಬಕೀಟಿನಲ್ಲಿ ಹಿಡಿದಿಟ್ಟರೆ ಮಡಿಯ ಅರ್ಧ ಬಾಯಾರಿಕೆಯು ತೀರುವದು. ಸಾಬೂನಿನ ನೀರು ಸೊಪ್ಪಿಗೆ ಸಲ್ಲದು. ಅದನ್ನು ಬಾಳೆಗೆ ಬಿಡಬೇಕು. ನೆಲಕ್ಕೆ ಒಣ ಎಲೆಗಳ ಹೊದಿಕೆ ಹಾಕಿ, ಇಳಿಹೊತ್ತಿಗೆ ಬುಡಕ್ಕೇ ಹೊಯ್ದರೆ ಇನ್ನೂ ಉಳಿತಾಯ. ಮಳೆಯ ಲೆಕ್ಕವು ಇದಕ್ಕಿಂತಲೂ ಕಣ್ಣು ತೆರೆಯಿಸುವಂಥದು. ವರ್ಷಕ್ಕೆ 700 ಮಿಲಿಮೀಟರು ಮಳೆಯಾಗುವ ಊರಲ್ಲಿ 1000 ಚದರ ಅಡಿಯ ಮಾಳಿಗೆಯ ಮೇಲೆ ಸುಮಾರು 65,000 ಲೀಟರು ನೀರು ಬೀಳುವದು. ಅದನ್ನು ಗಟಾರಿಗೆ ಬಿಟ್ಟುಕೊಟ್ಟು ನಲ್ಲಿಯ ಮುಂದೆ ಜಗಳಾಡುವದು ನಮ್ಮ ನಾಗರಿಕತೆ!

ಗೊಬ್ಬರದ ವಿಷಯದಲ್ಲಿ ಕನ್ನಡನಾಡಿನ ಹೆಸರು ಜಗತ್ತಿನ ಪುಸ್ತಕಗಳಲ್ಲಿ ಬರೆದಿರುವದು ನಮ್ಮವರಿಗೇ ತಿಳಿಯದು. ಸರ್ ಆಲ್ಬರ್ಟ್ ಹೊವರ್ಡರು ಇಂದೂರಿನಲ್ಲಿ ರೂಪಿಸಿದ ಪದ್ಧತಿಗೆ ಇಂದೂರ ಪದ್ಧತಿಯೆಂತಲೂ, 1939ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ್ದಕ್ಕೆ ಬೆಂಗಳೂರು ಪದ್ಧತಿಯೆಂತಲೂ ಹೆಸರು. ಮೊದಲನೆಯದರಲ್ಲಿ ಕಸವನ್ನು ಮೇಲಿಂದ ಮೇಲೆ ತಿರುವಿಹಾಕುವದರಿಂದ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರವಾಗುವದು. ಎರಡನೆಯದರಲ್ಲಿ ಪದರುಪದರಾಗಿ ತುಂಬಿ ಮಣ್ಣು ಮುಚ್ಚಿಬಿಡುವರು, ತಿರುವುವ ಶ್ರಮವಿಲ್ಲ, ಆದರೆ ಆರೆಂಟು ತಿಂಗಳು ತಾಳಬೇಕು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಎರಡು ಗುಣಿಗಳನ್ನು ತೋಡಿ, ಒಂದು ತುಂಬುವಾಗ ಇನ್ನೊಂದು ಪಕ್ವವಾಗುವಂತೆ ಮಾಡಬೇಕು. ಹಸಿಕಸದ ಪ್ರತಿ ಪದರಿನ ಮೇಲೆ ಒಣ ಎಲೆಯೋ ಮಣ್ಣೋ ಬಿದ್ದರೆ ನಾತವಿಲ್ಲ, ನೊಣವಿಲ್ಲ. ಪಟ್ಟಣದ ಕಸದಲ್ಲಿ ಅರ್ಧದಷ್ಟು ಇಂಥ ಹಸಿಕಸವೇ. ನಾವು ಮನೆಯಲ್ಲಿ ಕಳಿಸಬಹುದಾದದ್ದನ್ನು ಹೊರಗೆ ಚೆಲ್ಲಿದರೆ ಅದು ಯಾವನೋ ಹಳ್ಳಿಗನ ಬಾಗಿಲಿಗೆ ಹೋಗಿ ಬೀಳುವದು. ಬೆಂಗಳೂರಿನ ಕಸದ ವಿರುದ್ಧ 2012ರಲ್ಲಿ ಮಾವಳ್ಳಿಪುರದವರೂ 2014ರಲ್ಲಿ ಮಂಡೂರಿನವರೂ ಎದ್ದು ನಿಂತದ್ದನ್ನು ಮರೆಯುವದು ಹೇಗೆ?

ಕೀಟಗಳ ಕಾಟಕ್ಕೆ ಒಡನೆಯೇ ವಿಷದ ಬಾಟಲಿಗೆ ಕೈಯಿಕ್ಕಬಾರದು. ಬೆಳಿಗ್ಗೆ ಎದ್ದು ಎಲೆಯ ಹಿಂಬದಿಯನ್ನು ನೋಡುವ ಕಣ್ಣೇ ಮೊದಲನೆಯ ಔಷಧ. ಬದನೆಯ ಕುಡಿ ಬಾಡಿದರೆ ಒಳಗೆ ಹುಳವಿದೆಯೆಂದು ತಿಳಿದು ಆ ಕುಡಿಯನ್ನು ಚಿವುಟಿ ಸುಡಬೇಕು. ಹೇನಿಗೆ ಬೂದಿ. ಲೀಟರು ನೀರಿಗೆ 50 ಗ್ರಾಮು ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿ ನೆನೆಯಿಟ್ಟು ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಂಜೆಗೆ ಸಿಂಪಡಿಸಿದರೆ ಬಹಳ ಹುಳುಗಳು ಹಿಂಜರಿಯುವವು. ಬೆಂಡೆಯ ಎಲೆ ಹಳದಿಯ ಬಲೆಯಂತಾದರೆ ಮಾತ್ರ ಔಷಧವಿಲ್ಲ; ಬಿಳಿನೊಣವು ತರುವ ರೋಗವದು; ಗಿಡವನ್ನೇ ಕಿತ್ತೊಗೆಯಬೇಕು.

ಇನ್ನು ಆಕ್ಷೇಪಗಳು. ತಾಸಿಗೆ ಇಷ್ಟು ಗಳಿಸುವ ನಮ್ಮ ಹೊತ್ತಿಗೆ ಬೆಲೆಯಿಲ್ಲವೇ ಎಂದು ವಕೀಲರೊಬ್ಬರು ಕೇಳಬಹುದು. ಈ ಗಳಿಕೆಯವರೇ ದಿನಾ ಬೆಳಿಗ್ಗೆ ಗುರಿಯಿಲ್ಲದೆ ಮೈಲು ನಡೆಯುವದು ವೈದ್ಯರ ಅಪ್ಪಣೆಯಿಂದಲ್ಲವೇ? ಅದರಲ್ಲಿ ಅರ್ಧ ತಾಸನ್ನು ಗುದ್ದಲಿಗೆ ಕೊಡಲಿ. ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದದ್ದು: ಎಲ್ಲರೂ ಬೆಳೆದುಕೊಂಡರೆ ಬುಟ್ಟಿ ಹೊತ್ತು ಬರುವ ಕಾಯಿಪಲ್ಲೆಯ ಹೆಣ್ಣುಮಗಳ ಗತಿಯೇನು? ನಾವು ಇದನ್ನು ಯೋಚಿಸದೆ ಬರೆಯುತ್ತಿಲ್ಲ. ಒಂದೂವರೆ ಕಿಲೋ ಬೇಕಾದ ಮನೆಯಲ್ಲಿ ಅರ್ಧ ಕಿಲೋ ಬೇಯುತ್ತಿರುವಾಗ, ಹಿತ್ತಲದ ಸೊಪ್ಪು ಅವಳ ಪಾಲನ್ನು ಕಸಿಯಲಾರದು. ಪಲ್ಯದ ರುಚಿ ಹತ್ತಿದ ಮನೆಯು ಅವಳಲ್ಲಿ ಹೆಚ್ಚೇ ಕೊಳ್ಳುವದು. ತಾನೇ ಒಂದು ಬದನೆಗಿಡವನ್ನು ಸಾಕಿದವನು ಅವಳೊಡನೆ ಎರಡು ರೂಪಾಯಿಗಾಗಿ ಚೌಕಾಶಿಮಾಡಲು ನಾಚುವನು. ಒಕ್ಕಲಿಗನ ಕಷ್ಟವು ಪಟ್ಟಣಿಗನಿಗೆ ಅರ್ಥವಾಗಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಗುದ್ದಲಿಯು ಆಳಿನ ಕೈಗೇ ತಕ್ಕದ್ದೆಂಬ ಹಮ್ಮು ನಮ್ಮ ಓದು ಬಲ್ಲ ವರ್ಗವನ್ನು ಬಿಟ್ಟು ಹೋಗದೆ ಈ ದೇಶವು ಒಂದಾಗಲಾರದು.

ನೆಲವಿಲ್ಲದವರ ಪ್ರಶ್ನೆಯು ಉಳಿಯಿತು. ಮಾಳಿಗೆಯುಳ್ಳವರು ಕುಂಡಗಳಲ್ಲಿ ಬೆಳೆಯಬಹುದು. ಆದರೆ ಹಸಿಮಣ್ಣು ಒಂದಡಿ ಎತ್ತರವಿದ್ದರೆ ಚದರ ಮೀಟರಿಗೆ ಅರ್ಧ ಟನ್ ಭಾರ ಬೀಳುವದೆಂಬದನ್ನು ಮರೆತು ಮಡಿ ಕಟ್ಟಬಾರದು. ತೆಂಗಿನ ನಾರಿನ ಪುಡಿಯನ್ನೂ ಗೊಬ್ಬರವನ್ನೂ ಹೆಚ್ಚಾಗಿ ಬೆರೆಸಿ ಹಗುರಮಾಡಿ, ಕುಂಡಗಳನ್ನು ಗೋಡೆ ತೊಲೆಗಳ ನೇರಕ್ಕೆ ಇಡಬೇಕು. ಬಾಡಿಗೆಯ ಒಂದೇ ಕೋಣೆಯಲ್ಲಿ ವಾಸಿಸುವವರಿಗೆ ಇದೂ ಇಲ್ಲ. ರಕ್ತಹೀನತೆಯು ಹೆಚ್ಚಾಗಿ ಮನೆಮಾಡಿರುವದು ಅಲ್ಲಿಯೇ. ಅವರ ಸಲುವಾಗಿ ನಗರಸಭೆಗಳು ಕೈಯೆತ್ತಬೇಕು. ಇಂಗ್ಲಂಡದಲ್ಲಿ 1908ರ ಕಾಯಿದೆಯಿಂದ, ಬೇಡಿಕೆಯಿದ್ದಲ್ಲಿ ಸ್ಥಳೀಯ ಸಂಸ್ಥೆಗಳು ಜನರಿಗೆ ತೋಟದ ತುಂಡುಗಳನ್ನು ಗೇಣಿಗೆ ಕೊಡತಕ್ಕದ್ದೆಂದು ನಿಯಮವಾಯಿತು. ಅಲ್ಲಿ ಒಂದು ತುಂಡಿನ ರೂಢಿಯ ಅಳತೆಯು ಸುಮಾರು ಎರಡೂವರೆ ಗುಂಟೆ. ನಮ್ಮಲ್ಲಿ ಅಷ್ಟು ಬೇಡ. ಪ್ರತಿ ಬಡಾವಣೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟು ವರ್ಷಾನುಗಟ್ಟಲೆ ಮುಳ್ಳುಕಂಟಿ ಬೆಳೆದು ನಿಂತಿರುವ ಬಯಲುಗಳಲ್ಲಿ ನೂರು ಚದರ ಅಡಿಯ ತುಂಡುಗಳನ್ನು ಮಾಡಿ, ಒಂದು ನಲ್ಲಿಯನ್ನೂ ಒಂದು ಬೇಲಿಯನ್ನೂ ಒದಗಿಸಿ, ಹತ್ತಿರದ ನಿವೇಶನವಿಲ್ಲದ ಕುಟುಂಬಗಳಿಗೆ ವರ್ಷದ ಕರಾರಿನ ಮೇಲೆ ಕೊಟ್ಟರೆ ನಗರಸಭೆಯ ಬೊಕ್ಕಸವೇನೂ ಬರಿದಾಗದು. ಕಟ್ಟಡವು ಬರುವ ದಿನ ಬಿಟ್ಟುಕೊಡುವ ಷರತ್ತಿರಲಿ. ಶಾಲೆಗಳಲ್ಲಿ ಪೋಷಣ ತೋಟಗಳಿರಬೇಕೆಂದು 2019ರಲ್ಲಿ ಕೇಂದ್ರ ಸರಕಾರವು ಸೂಚನೆ ಹೊರಡಿಸಿತು. ಆ ಕಾಗದವು ನಮ್ಮ ತಾಲೂಕುಗಳ ಎಷ್ಟು ಶಾಲೆಗಳಲ್ಲಿ ಮಣ್ಣನ್ನು ಮುಟ್ಟಿದೆಯೆಂಬದನ್ನು ಶಿಕ್ಷಣ ಖಾತೆಯವರು ಸ್ವತಃ ಹೋಗಿ ನೋಡಬೇಕು. ಮಕ್ಕಳ ಮಧ್ಯಾಹ್ನದ ಊಟದ ಸಾಂಬಾರಿಗೆ ಅವರೇ ಬೆಳೆದ ನುಗ್ಗೆಯ ಸೊಪ್ಪು ಬೀಳುವದಕ್ಕೆ ಯಾವ ಅಡ್ಡಿಯಿದೆ?

ಕೊನೆಗೆ ಗೃಹಸ್ಥರಿಗೆ ಒಂದು ಮಾತು. ತೋಟವು ಎಷ್ಟು ಚೆನ್ನಾಗಿ ಬೆಳೆದರೂ ಸೊಪ್ಪಿನ ಪಾಲು ಮೊದಲಿನಂತೆಯೇ ಗಂಡಸರ ತಾಟಿಗೇ ಹೋದರೆ ಬೆಳೆದದ್ದು ವ್ಯರ್ಥ. ಮನೆಯವರೆಲ್ಲರೂ ಕೂಡಿ ಕುಳಿತು ಉಣ್ಣುವದನ್ನು ತೋಟದೊಡನೆಯೇ ಪ್ರಾರಂಭಿಸಬೇಕು. ಬಡಿಸುವವಳ ತಾಟಿನಲ್ಲಿ ಪಲ್ಯ ಬಿದ್ದಿದೆಯೋ ಇಲ್ಲವೋ ಎಂಬದನ್ನು ನೋಡುವದು ಯಜಮಾನನ ಧರ್ಮ. ಅಂಗಳದ ನಾಲ್ಕು ಕಲ್ಲುಗಳನ್ನು ಕಿತ್ತು, ನೆಲವನ್ನು ಅಗೆದು, ಒಂದು ಹಿಡಿ ಹರಿವೆಯ ಬೀಜವನ್ನು ಚೆಲ್ಲಲು ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ, ಯಾವ ಅನುದಾನವೂ ಬೇಕಾಗಿಲ್ಲ. ನಾಡನ್ನು ಕಟ್ಟುತ್ತೇವೆನ್ನುವವರು ಬರುವ ಭಾನುವಾರ ಮುಂಜಾನೆ ಇಷ್ಟನ್ನು ಮಾಡಲಿ. ಇಂದಿಗೆ ಒಂದು ತಿಂಗಳಿಗೆ ಅದರ ಫಲವು ಅವರ ಮಕ್ಕಳ ತಾಟಿನಲ್ಲಿ ಇರುವದು.